ಕೇಳಿ, ಹೇಳ್ತೀವಿ: ಕರೆಂಟ್ ಕೊಟ್ಟು ಹೊಗೆಯಿಂದ ಕೆಮಿಕಲ್ ಮಾಡಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಸುಮಾರು ಜನ ಒಂದೇ ವಿಷಯ ಕೇಳಿದ್ದಾರೆ, ಕಾರ್ಬನ್ ಡೈಆಕ್ಸೈಡನ್ನ, ಅಂದ್ರೆ ಸಿಓಟುವನ್ನ, ಕರೆಂಟಿನಿಂದ ಬೇರೆ ಕೆಮಿಕಲ್ ಆಗಿ ಬದಲಾಯಿಸೋ ರಿಯಾಕ್ಟರ್ ಬಗ್ಗೆ. ಒಂದು ವಿಡಿಯೋ ಎಲ್ಲಾ ಕಡೆ ಓಡಾಡ್ತಿದೆ ಅನ್ಸುತ್ತೆ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಪ್ರಶ್ನೆ: ಸರ್ ನಮಸ್ಕಾರ್ರಿ. ನಮ್ಮ ಮನಿ ಥರ್ಮಲ್ ಸ್ಟೇಷನ್ ಬಾಜೂಕ ಐತಿ. ವಾಟ್ಸಾಪಿನಾಗ ಒಂದು ವಿಡಿಯೋ ಬಂದಿತ್ತು, ಚಿಮಣಿ ಹೊಗಿ ಒಂದು ಪೆಟ್ಟಿಗಿಗೆ ಬಿಟ್ಟು ಕರೆಂಟ್ ಕೊಟ್ರ ಇಂಧನ ಆಗಿ ಹೊರಗ ಬರ್ತೈತಿ ಅಂತ. ಖರೇ ಏನ್ರಿ? ಖರೇ ಇದ್ರ ಇಲ್ಲಿ ಯಾಕ ಹಾಕವಲ್ರು?
— ಓದುಗರು, ಶಕ್ತಿನಗರ, ರಾಯಚೂರು ಜಿಲ್ಲೆ

ಉತ್ತರ: ಪೆಟ್ಟಿಗೆ ಇರೋದು ಖರೇ. ಒಳಗೆ ಎರಡು ಎಲೆಕ್ಟ್ರೋಡ್, ನಡುವೆ ಒಂದು ತೆಳ್ಳನೆ ಪೊರೆ, ಅದಕ್ಕೆ ಮೆಂಬ್ರೇನ್ ಅಂತಾರೆ, ಒಂದು ಕಡೆ ಸಿಓಟು ಗ್ಯಾಸ್ ಹೋಗುತ್ತೆ, ಇನ್ನೊಂದು ಕಡೆ ನೀರು. ಕರೆಂಟ್ ಕೊಟ್ರೆ ನೀರಿನ ಕಡೆ ಆಕ್ಸಿಜನ್ ಬರುತ್ತೆ, ಸಿಓಟು ಕಡೆ ಕಾರ್ಬನ್ ಮೊನಾಕ್ಸೈಡೋ ಫಾರ್ಮಿಕ್ ಆಸಿಡ್ಡೋ ಎಥಿಲೀನೋ, ಒಳಗೆ ಯಾವ ಲೋಹ ಇಟ್ಟಿದ್ದೀರಿ ಅನ್ನೋದರ ಮೇಲೆ, ಏನಾದ್ರೂ ಒಂದು ಬರುತ್ತೆ. ಇದರಲ್ಲಿ ಸುಳ್ಳಿಲ್ಲ. ಆದ್ರೆ ಶಕ್ತಿನಗರದಲ್ಲಿ ಯಾಕೆ ಹಾಕಲ್ಲ ಅನ್ನೋದಕ್ಕೆ ಲೆಕ್ಕ ಹಾಕಿ ನೋಡಬೇಕು, ಲೆಕ್ಕ ಕಷ್ಟದ್ದೇನಲ್ಲ, ದಯವಿಟ್ಟು ನನ್ನ ಜೊತೆ ಬನ್ನಿ.

ಕಲ್ಲಿದ್ದಲು ಸುಟ್ಟು ಒಂದು ಯೂನಿಟ್ ಕರೆಂಟ್ ಮಾಡಿದ್ರೆ ಹತ್ತಿರ ಹತ್ತಿರ ಒಂದು ಕೆಜಿ ಸಿಓಟು ಹೊರಗೆ ಹೋಗುತ್ತೆ. ಈಗ ಆ ಒಂದು ಕೆಜಿಯನ್ನ ಕಾರ್ಬನ್ ಮೊನಾಕ್ಸೈಡ್ ಮಾಡಬೇಕು ಅಂದ್ರೆ, ಇರೋದರಲ್ಲಿ ಇದೇ ಸುಲಭದ ಕೆಲಸ, ಪ್ರಕೃತಿಯ ನಿಯಮದ ಪ್ರಕಾರ ಏನೂ ನಷ್ಟ ಆಗದೇ ಇದ್ರೂ 1.6 ಯೂನಿಟ್ ಬೇಕೇ ಬೇಕು. ನಿಜವಾದ ರಿಯಾಕ್ಟರಲ್ಲಿ ವೋಲ್ಟೇಜ್ ಮೂರರ ಆಸುಪಾಸು ಇರುತ್ತೆ, ಆಗ ಸುಮಾರು 3.7 ಯೂನಿಟ್. ಅಂದ್ರೆ ಒಂದು ಯೂನಿಟ್ ಮಾಡುವಾಗ ಬಂದ ಹೊಗೆಯನ್ನ ಸರಿ ಮಾಡೋಕೆ ಮೂರೂವರೆಗಿಂತ ಜಾಸ್ತಿ ಯೂನಿಟ್! ನಿಮ್ಮಲ್ಲಿರೋ 210 ಮೆಗಾವ್ಯಾಟಿನ ಒಂದು ಘಟಕದ ಹೊಗೆ ಪೂರ್ತಿ ಬದಲಾಯಿಸಬೇಕು ಅಂದ್ರೆ ಅಂಥವೇ ಮೂರೂ ಮುಕ್ಕಾಲು ಘಟಕ ಹಗಲೂ ರಾತ್ರಿ ಅದಕ್ಕಾಗಿಯೇ ಓಡಬೇಕು, ಅವುಗಳ ಹೊಗೆಗೆ ಯಾರನ್ನ ಕೇಳೋದು? ನಮ್ಮ ದೇಶದ ಗ್ರಿಡ್ಡಿನ ಸರಾಸರಿ ತಗೊಂಡ್ರೂ, ಅದರಲ್ಲಿ ಜಲವಿದ್ಯುತ್ತು ಸೋಲಾರು ಗಾಳಿ ಎಲ್ಲಾ ಸೇರಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಸಿಓಟು ಇದೆ, ಒಂದು ಕೆಜಿ ಬದಲಾಯಿಸೋಕೆ ಹೋಗಿ ಎರಡೂವರೆ ಕೆಜಿ ಹೊಸದಾಗಿ ಬಿಟ್ಟ ಹಾಗಾಯ್ತು.

ಇನ್ನೊಂದು ತೊಡಕು, ಕಲ್ಲಿದ್ದಲಿನ ಹೊಗೆಯಲ್ಲಿ ಸಿಓಟು ಇರೋದೇ ನೂರಕ್ಕೆ 12ರಿಂದ 14ರಷ್ಟು. ಉಳಿದದ್ದು ಹೆಚ್ಚಿನ ಪಾಲು ನೈಟ್ರೋಜನ್, ಸ್ವಲ್ಪ ಆಕ್ಸಿಜನ್, ಗಂಧಕದ ಗ್ಯಾಸ್. ಆಕ್ಸಿಜನ್ ಒಳಗೆ ಹೋದ್ರೆ ಸಿಓಟುಗಿಂತ ಮೊದಲು ಅದೇ ಕರೆಂಟ್ ತಿಂದುಬಿಡುತ್ತೆ, ಗಂಧಕ ಹೋಗಿ ತಾಮ್ರದ ಮೇಲೆ ಕೂತ್ಕೊಂಡ್ರೆ ಕ್ಯಾಟಲಿಸ್ಟ್, ಅಂದ್ರೆ ರಿಯಾಕ್ಷನ್ ನಡೆಸೋ ಆ ಲೋಹ, ಕೆಟ್ಟುಹೋಗುತ್ತೆ. ಹಾಗಾಗಿ ಮೊದಲು ಹೊಗೆಯಿಂದ ಸಿಓಟು ಬೇರೆ ಮಾಡ್ಕೋಬೇಕು, ಅದಕ್ಕೆ ಬೇರೆ ಶಾಖ, ಬೇರೆ ಖರ್ಚು.

ವಿಡಿಯೋ ಮಾಡಿದವರ ಮೇಲೆ ನನಗೆ ಬೇಜಾರಿರೋದು ಇಲ್ಲೇ. ಹೊಗೆ ಕಾಣಿಸ್ತಾರೆ, ಪೆಟ್ಟಿಗೆ ಕಾಣಿಸ್ತಾರೆ, ಕರೆಂಟ್ ಎಲ್ಲಿಂದ ಬರ್ತಿದೆ ಅಂತ ಒಂದು ಮಾತು ಹೇಳಲ್ಲ. ಚಿಮಣಿ ಪಕ್ಕದಲ್ಲಿ ಬದುಕೋ ಜನಕ್ಕೆ, ನಿಮ್ಮಂಥವರಿಗೆ, ಆ ಬೂದಿ ಹೊಗೆ ದಿನಾ ಉಸಿರಾಡೋರಿಗೆ, ಇದರಿಂದ ಸುಳ್ಳು ಭರವಸೆ ಹುಟ್ಟುತ್ತೆ. ಪಾವಗಡದ ಸೋಲಾರ್ ಪಾರ್ಕಿನ ಕರೆಂಟ್ ಇದ್ರೆ ಅದನ್ನ ಮೊದಲು ಕಲ್ಲಿದ್ದಲು ಕರೆಂಟಿನ ಬದಲಿಗೆ ಮನೆಗಳಿಗೆ ಕೊಡಿ, ಸಿಓಟು ಅಷ್ಟರಮಟ್ಟಿಗೆ ಹುಟ್ಟೋದೇ ಇಲ್ಲ. ಹಾಗಾದ್ರೆ ಈ ರಿಯಾಕ್ಟರ್ ಯಾತಕ್ಕೆ ಬೇಕು ಅಂದ್ರೆ, ಪ್ಲಾಸ್ಟಿಕ್, ಬಣ್ಣ, ಔಷಧಿ, ವಿಮಾನದ ಇಂಧನ, ಇವಕ್ಕೆಲ್ಲ ಕಾರ್ಬನ್ ಬೇಕೇ ಬೇಕಲ್ಲ, ಈಗ ಅದು ಹೆಚ್ಚಾಗಿ ಕಚ್ಚಾತೈಲ ಮತ್ತು ಗ್ಯಾಸಿಂದ ಬರ್ತಿದೆ, ನಾಳೆ ಅದನ್ನ ಎಲ್ಲಿಂದ ತರೋದು ಅನ್ನೋ ಪ್ರಶ್ನೆಗೆ ಇದು ಒಂದು ಉತ್ತರ.

ಪ್ರಶ್ನೆ: ಸರ್, ನಾನು ಸೆಕೆಂಡ್ ಪಿಯುಸಿ ಸೈನ್ಸ್. ಎಲೆಕ್ಟ್ರೋಕೆಮಿಸ್ಟ್ರಿ ಪಾಠ ಆದ್ಮೇಲೆ ಈ ವಿಷಯ ಓದಿದೆ. ಎಲ್ಲರೂ ತಾಮ್ರ ತಾಮ್ರ ಅಂತಾರೆ, ತಾಮ್ರದಲ್ಲಿ ಅಂಥಾದ್ದೇನಿದೆ? ಕಾಲೇಜ್ ಲ್ಯಾಬಲ್ಲಿ ಮಾಡಿ ನೋಡಬಹುದಾ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ದೀಯಮ್ಮ. ಇಡೀ ಕ್ಷೇತ್ರ ನಿಂತಿರೋದೇ ಇದರ ಮೇಲೆ.

1985ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದ ಯೋಷಿಯೊ ಹೋರಿ ಮತ್ತು ಜೊತೆಗಾರರು ಒಂದೊಂದೇ ಲೋಹದ ಎಲೆಕ್ಟ್ರೋಡ್ ತಗೊಂಡು, ಬೈಕಾರ್ಬನೇಟ್ ದ್ರಾವಣದಲ್ಲಿಟ್ಟು, ಸಿಓಟು ಬಿಟ್ಟು, ಕರೆಂಟ್ ಕೊಟ್ಟು, ಏನೇನು ಬರುತ್ತೆ ಅಂತ ತಾಳ್ಮೆಯಿಂದ ಅಳೆದ್ರು. ಚಿನ್ನ, ಬೆಳ್ಳಿ ಇಟ್ರೆ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ತವರ, ಸೀಸ, ಇಂಡಿಯಂ ಇಟ್ರೆ ಫಾರ್ಮೇಟ್, ಅಂದ್ರೆ ಫಾರ್ಮಿಕ್ ಆಸಿಡಿನ ಉಪ್ಪು. ಪ್ಲಾಟಿನಂ, ನಿಕ್ಕಲ್, ಕಬ್ಬಿಣ ಇಟ್ರೆ ಸಿಓಟು ಕಡೆ ನೋಡೋದೇ ಇಲ್ಲ ಅನ್ನಬಹುದು, ನೀರನ್ನ ಒಡೆದು ಹೈಡ್ರೋಜನ್ ಕೊಡುತ್ತೆ. ತಾಮ್ರ ಒಂದೇ ಒಂದು, ಮೀಥೇನ್ ಎಥಿಲೀನ್ ಎಥನಾಲ್ ಅಂತ ಹೈಡ್ರೋಕಾರ್ಬನ್ನುಗಳನ್ನೂ ಆಲ್ಕೋಹಾಲನ್ನೂ ಲೆಕ್ಕಕ್ಕೆ ಸಿಗೋ ಪ್ರಮಾಣದಲ್ಲಿ ಕೊಡೋದು. ಅದಾಗಿ ನಲವತ್ತು ವರ್ಷ ಆಯ್ತು, ಶುದ್ಧ ಲೋಹಗಳಲ್ಲಿ ತಾಮ್ರದ ಜಾಗಕ್ಕೆ ಇನ್ನೊಂದು ಸಿಕ್ಕಿಲ್ಲ.

ಕಾರಣ ಏನಂದ್ರೆ, ಸಿಓಟು ಮೊದಲು ಎರಡು ಎಲೆಕ್ಟ್ರಾನ್ ತಗೊಂಡು ಲೋಹದ ಮೇಲೆ ಕಾರ್ಬನ್ ಮೊನಾಕ್ಸೈಡ್ ಆಗಿ ಅಂಟ್ಕೊಳ್ಳುತ್ತೆ. ಚಿನ್ನದ ಮೇಲೆ ಆ ಅಂಟು ತೀರಾ ಸಡಿಲ, ತಕ್ಷಣ ಕಳಚಿ ಗ್ಯಾಸ್ ಆಗಿ ಹೋಗಿಬಿಡುತ್ತೆ. ಪ್ಲಾಟಿನಂ ಮೇಲೆ ತೀರಾ ಗಟ್ಟಿ, ಕೂತಿದ್ದು ಏಳೋದೇ ಇಲ್ಲ, ಮುಂದಿನ ರಿಯಾಕ್ಷನ್ನಿಗೆ ಜಾಗ ಇರಲ್ಲ. ತಾಮ್ರದ ಮೇಲೆ ಮಾತ್ರ ಸ್ವಲ್ಪ ಹೊತ್ತು ನಿಲ್ಲೋ ಅಷ್ಟು ಅಂಟು, ಆ ಹೊತ್ತಲ್ಲಿ ಪಕ್ಕದಲ್ಲಿರೋ ಇನ್ನೊಂದು ಮೊನಾಕ್ಸೈಡ್ ಜೊತೆ ಕೈ ಜೋಡಿಸಿ ಕಾರ್ಬನ್ ಕಾರ್ಬನ್ ಬಂಧ ಆಗುತ್ತೆ, ಇನ್ನಷ್ಟು ಎಲೆಕ್ಟ್ರಾನ್ ಬಂದು ಬಂದು ಎಥಿಲೀನ್ ಆಗುತ್ತೆ. ಎಲೆಕ್ಟ್ರಾನ್ ಲೆಕ್ಕ ಬರ್ಕೋ: ಮೊನಾಕ್ಸೈಡಿಗೆ 2, ಫಾರ್ಮೇಟಿಗೆ 2, ಮೆಥನಾಲಿಗೆ 6, ಮೀಥೇನಿಗೆ 8, ಎಥಿಲೀನಿಗೂ ಎಥನಾಲಿಗೂ 12. ಫ್ಯಾರಡೇ ನಿಯಮ ಓದಿದ್ದೀಯಲ್ಲ, ಒಂದು ಮೋಲ್ ಎಲೆಕ್ಟ್ರಾನಿಗೆ 96,485 ಕೂಲಂಬ್, ಇದೂ ವೋಲ್ಟೇಜೂ ಗೊತ್ತಿದ್ರೆ ಮೇಲಿನ ಉತ್ತರದ ಯೂನಿಟ್ ಲೆಕ್ಕ ನೀನೇ ತೆಗೀಬಹುದು, ತೆಗೆದು ನೋಡು. ತಾಮ್ರದ ತೊಂದರೆಯೂ ಇದರಲ್ಲೇ ಇದೆ, ಒಂದೇ ಸಲ ಹತ್ತಾರು ಪದಾರ್ಥ ಬೆರೆಸಿ ಕೊಡುತ್ತೆ, ಬೇಕಾದ್ದನ್ನ ಬೇರ್ಪಡಿಸೋದು ಇನ್ನೊಂದು ದೊಡ್ಡ ಕೆಲಸ.

ಲ್ಯಾಬ್ ಬಗ್ಗೆ: ನಿಮ್ಮ ಲೆಕ್ಚರರ್ ಪಕ್ಕದಲ್ಲಿ ಇಲ್ಲದೇ ಮಾಡಲೇಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯೋ ಗ್ಯಾಸ್ ಅದು. ಅದೂ ಅಲ್ಲದೆ ಬೀಕರಲ್ಲಿ ಮಾಡಿದ್ರೆ ಬರೋ ಗುಳ್ಳೆಯಲ್ಲಿ ಹೆಚ್ಚಿನ ಪಾಲು ಹೈಡ್ರೋಜನ್ನೇ ಇರುತ್ತೆ, ಒಳಗೆ ಏನಿದೆ ಅಂತ ಹೇಳೋಕೆ ಗ್ಯಾಸುಗಳನ್ನ ಬೇರ್ಪಡಿಸಿ ಅಳೆಯೋ ಯಂತ್ರ, ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಬೇಕು. ನಿಮ್ಮೂರಲ್ಲೇ ಕರ್ನಾಟಕ ವಿಶ್ವವಿದ್ಯಾಲಯ ಇದೆ, ಅಲ್ಲಿನ ಕೆಮಿಸ್ಟ್ರಿ ವಿಭಾಗಕ್ಕೆ ಟೀಚರ್ ಮೂಲಕ ಒಂದು ಪತ್ರ ಬರೆದು ಎಲೆಕ್ಟ್ರೋಕೆಮಿಕಲ್ ಸೆಲ್ ತೋರಿಸ್ತೀರಾ ಅಂತ ಕೇಳು.

ಪ್ರಶ್ನೆ: ಪೇಪರಿನಲ್ಲಿ 90 ಪರ್ಸೆಂಟ್ ಎಫಿಷಿಯೆನ್ಸಿ, 95 ಪರ್ಸೆಂಟ್ ಅಂತೆಲ್ಲ ಬರೀತಾರೆ. ಅಷ್ಟು ಚೆನ್ನಾಗಿದ್ರೆ ಮಾರ್ಕೆಟ್ಟಿಗೆ ಯಾಕೆ ಬಂದಿಲ್ಲ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಆ 90 ಅನ್ನೋದು ಹೆಚ್ಚಾಗಿ ಫ್ಯಾರಡೇಯಿಕ್ ಎಫಿಷಿಯೆನ್ಸಿ ಸರ್. ಹೋದ ನೂರು ಎಲೆಕ್ಟ್ರಾನಲ್ಲಿ ತೊಂಬತ್ತು ಬೇಕಾದ ಪದಾರ್ಥಕ್ಕೆ ಹೋಯ್ತು ಅಂತ ಅರ್ಥ ಅಷ್ಟೇ. ಆ ಎಲೆಕ್ಟ್ರಾನನ್ನ ತಳ್ಳೋಕೆ ಎಷ್ಟು ವೋಲ್ಟ್ ಬೇಕಾಯ್ತು ಅನ್ನೋದು ಅದರಲ್ಲಿ ಇಲ್ಲ. ಮೊನಾಕ್ಸೈಡಿಗೆ ಸಿದ್ಧಾಂತದ ಪ್ರಕಾರ 1.33 ವೋಲ್ಟ್ ಸಾಕು, ನಿಜದಲ್ಲಿ ಮೂರು ಹೋಗುತ್ತೆ, ಅಂದ್ರೆ ಶಕ್ತಿಯ ಲೆಕ್ಕದಲ್ಲಿ ಅರ್ಧಕ್ಕಿಂತ ಕಮ್ಮಿ.

ಅದಕ್ಕಿಂತ ದೊಡ್ಡ ಸಮಸ್ಯೆ ಉಪ್ಪು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕೆಲಸ ಮಾಡೋರು ದಿನಾ ಒದ್ದಾಡೋದು ಇದರ ಜೊತೆಗೇ, ಹೊರಗಿನವರಿಗೆ ಗೊತ್ತೇ ಇರಲ್ಲ. ಸಿಓಟು ನೀರಲ್ಲಿ ಕರಗೋದು ಬಹಳ ಕಮ್ಮಿ, ರೂಮ್ ಟೆಂಪರೇಚರಲ್ಲಿ ಲೀಟರಿಗೆ ಸುಮಾರು ಒಂದೂವರೆ ಗ್ರಾಂ. ಅಷ್ಟರಲ್ಲಿ ಕೈಗಾರಿಕೆ ನಡೆಯಲ್ಲ. ಅದಕ್ಕೇ ಈಗ ಗ್ಯಾಸ್ ಡಿಫ್ಯೂಷನ್ ಎಲೆಕ್ಟ್ರೋಡ್ ಬಳಸ್ತಾರೆ, ಕಾರ್ಬನ್ ಪೇಪರ್, ಅದಕ್ಕೆ ನೀರು ಅಂಟದ ಹಾಗೆ ಟೆಫ್ಲಾನ್ ಲೇಪನ, ಅದರ ಒಂದು ಮೈಗೆ ಕ್ಯಾಟಲಿಸ್ಟ್ ಪುಡಿ. ಹಿಂದಿನಿಂದ ಗ್ಯಾಸ್, ಮುಂದೆ ದ್ರಾವಣ, ಎರಡೂ ಕ್ಯಾಟಲಿಸ್ಟ್ ಹತ್ತಿರ ಭೇಟಿ ಆಗುತ್ತೆ, ಚದರ ಸೆಂಟಿಮೀಟರಿಗೆ ನೂರಾರು ಮಿಲಿಆಂಪಿಯರ್ ಹರಿಯುತ್ತೆ. ಇಲ್ಲೀವರೆಗೂ ಸೊಗಸಾಗಿದೆ. ಆದ್ರೆ ಪ್ರತಿ ರಿಯಾಕ್ಷನ್ನಲ್ಲೂ ಅಲ್ಲೇ ಹೈಡ್ರಾಕ್ಸೈಡ್ ಹುಟ್ಟುತ್ತೆ, ಹೈಡ್ರಾಕ್ಸೈಡ್ ಕಂಡ ತಕ್ಷಣ ಸಿಓಟು ಅದರ ಜೊತೆ ಸೇರಿ ಕಾರ್ಬನೇಟ್ ಆಗಿಬಿಡುತ್ತೆ. ಮೊನಾಕ್ಸೈಡ್ ಮಾಡುವಾಗ ಒಂದು ಸಿಓಟು ಉಪಯೋಗಕ್ಕೆ ಬಂದ್ರೆ ಇನ್ನೊಂದು ಕಾರ್ಬನೇಟಿಗೆ ಹೋಗುತ್ತೆ, ಅಂದ್ರೆ ಕೊಟ್ಟ ಗ್ಯಾಸಲ್ಲಿ ಅರ್ಧ ಮಾತ್ರ ದಕ್ಕೋದು. ಎಥಿಲೀನಲ್ಲಿ ಇನ್ನೂ ಕೆಟ್ಟದು, ಎರಡು ಉಪಯೋಗಕ್ಕೆ, ಆರು ಕಾರ್ಬನೇಟಿಗೆ, ನೂರಕ್ಕೆ ಇಪ್ಪತ್ತೈದೇ ಮಿತಿ. ಆ ಕಾರ್ಬನೇಟ್ ಮೆಂಬ್ರೇನ್ ದಾಟಿ ಆ ಕಡೆ ಹೋಗಿ ಮತ್ತೆ ಸಿಓಟು ಆಗಿ ಆಕ್ಸಿಜನ್ ಜೊತೆ ಬೆರೆತು ಹೊರಗೆ ಬರುತ್ತೆ, ಅದನ್ನ ಮತ್ತೆ ಬೇರ್ಪಡಿಸಬೇಕು. ಇನ್ನು ಸ್ವಲ್ಪ ಕಾರ್ಬನೇಟ್ ದ್ರಾವಣದಲ್ಲಿರೋ ಪೊಟ್ಯಾಸಿಯಂ ಜೊತೆ ಸೇರಿ ಅಲ್ಲೇ ಹರಳು ಕಟ್ಟುತ್ತೆ. ಸೆಲ್ ಬಿಚ್ಚಿ ನೋಡಿದ್ರೆ ಗ್ಯಾಸ್ ಹೋಗೋ ಸಣ್ಣ ಸಣ್ಣ ಕಾಲುವೆಗಳಲ್ಲಿ ಬಿಳೀ ಉಪ್ಪು ತುಂಬ್ಕೊಂಡು ಕೂತಿರುತ್ತೆ, ಗ್ಯಾಸಿಗೆ ದಾರಿ ಇಲ್ಲ, ಉಪ್ಪಿನ ಹಿಂದೆ ನೀರೂ ಹಿಂಬದಿಗೆ ನುಗ್ಗಿರುತ್ತೆ, ಇದಕ್ಕೆ ಫ್ಲಡ್ಡಿಂಗ್ ಅಂತಾರೆ. ಫ್ಲಡ್ಡಿಂಗ್ ಆದ್ಮೇಲೆ ಸೆಲ್ ಹೈಡ್ರೋಜನ್ ಒಂದೇ ಕೊಡೋದು.

2018ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ತಂಡ ತಾಮ್ರದ ಮೇಲೆ ಎಥಿಲೀನಿಗೆ 70 ಪರ್ಸೆಂಟ್ ಫ್ಯಾರಡೇಯಿಕ್ ಎಫಿಷಿಯೆನ್ಸಿ ತೋರಿಸಿದಾಗ ಸೆಲ್ 150 ಗಂಟೆ ಓಡಿದ್ದೇ ದೊಡ್ಡ ಸುದ್ದಿ. ಕಾರ್ಖಾನೆಯವರು ಕೇಳೋದು ವರ್ಷಗಳ ಲೆಕ್ಕ, ಕಾಸ್ಟಿಕ್ ಸೋಡಾ ಪ್ಲಾಂಟಿನ ಮೆಂಬ್ರೇನುಗಳು ವರ್ಷಗಟ್ಟಲೆ ಓಡ್ತವೆ. 2021ರಲ್ಲಿ ಅದೇ ಟೊರಾಂಟೊದವರು ದ್ರಾವಣವನ್ನೇ ಆಸಿಡ್ ಮಾಡಿ ಕಾರ್ಬನೇಟ್ ಕಾಟ ತಪ್ಪಿಸೋ ದಾರಿ ತೋರಿಸಿದ್ರು, ಅದು ನಿಜಕ್ಕೂ ಮುಖ್ಯವಾದ ಹೆಜ್ಜೆ ಅಂತ ನನ್ನ ಅಭಿಪ್ರಾಯ.

ದುಡ್ಡಿನ ಲೆಕ್ಕವೂ ಹೇಳಿಬಿಡ್ತೀನಿ. ಒಂದು ಕೆಜಿ ಎಥಿಲೀನಿಗೆ ಮೂರು ವೋಲ್ಟಲ್ಲಿ, ಒಂದು ಎಲೆಕ್ಟ್ರಾನೂ ವ್ಯರ್ಥ ಆಗದೇ ಇದ್ರೂ, 34 ಯೂನಿಟ್ ಬೇಕು. ಯೂನಿಟ್ಟಿಗೆ ಐದು ರೂಪಾಯಿ ಹಿಡಿದ್ರೆ ಬರೀ ಕರೆಂಟಿಗೇ 170 ರೂಪಾಯಿ, ಪೆಟ್ರೋಕೆಮಿಕಲ್ ಎಥಿಲೀನ್ ಕೆಜಿಗೆ ನೂರು ರೂಪಾಯಿ ಒಳಗೇ ಸಿಗುತ್ತೆ. ಮೊನಾಕ್ಸೈಡ್ ಮಾತ್ರ ಬೇರೆ ಕಥೆ, ಅದಕ್ಕೆ ಕರೆಂಟ್ ಕಮ್ಮಿ, ಅದನ್ನ ಸಿಲಿಂಡರಲ್ಲಿ ಸಾಗಿಸೋದು ಅಪಾಯ, ಹಾಗಾಗಿ ಬೇಕಾದಲ್ಲೇ ಮಾಡ್ಕೊಳ್ಳೋರಿಗೆ ಲಾಭ ಇದೆ. ಡೆನ್ಮಾರ್ಕಿನ ಟಾಪ್ಸೋ ಕಂಪನಿ ಬಿಸಿ ಸೆರಾಮಿಕ್ ಸೆಲ್ಲುಗಳಲ್ಲಿ ಇದನ್ನೇ ಮಾಡೋದು. ಜರ್ಮನಿಯ ಮಾರ್ಲ್ ಅನ್ನೋ ಊರಲ್ಲಿ ಸೀಮೆನ್ಸ್ ಮತ್ತು ಇವೋನಿಕ್ ಸೇರಿ ಇನ್ನೊಂದು ದಾರಿ ಹಿಡಿದ್ರು, ಮೊದಲು ಕರೆಂಟಿಂದ ಮೊನಾಕ್ಸೈಡ್ ಮತ್ತು ಹೈಡ್ರೋಜನ್, ಆಮೇಲೆ ಅದನ್ನ ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿ ಬ್ಯುಟನಾಲ್, ಹೆಕ್ಸನಾಲ್.

ನಿಮ್ಮ ಬೆಂಗಳೂರಲ್ಲೇ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ಸೆಬಾಸ್ಟಿಯನ್ ಪೀಟರ್ ಅವರ ಗುಂಪು ಸಿಓಟು ಪರಿವರ್ತನೆ ಮೇಲೆ ವರ್ಷಗಳಿಂದ ಕೆಲಸ ಮಾಡ್ತಿದೆ, ಅಲ್ಲಿಂದ ಹುಟ್ಟಿದ ಬ್ರೀದ್ ಅನ್ನೋ ಕಂಪನಿ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಕೊನೇ ಹತ್ತು ತಂಡಗಳಲ್ಲಿ ಒಂದಾಗಿತ್ತು, ಸಿಓಟುವಿಂದ ಮೆಥನಾಲ್ ಮಾಡೋ ಕೆಲಸಕ್ಕೆ. 2022ರಲ್ಲಿ ಕೇಂದ್ರ ಸರ್ಕಾರ ಈ ವಿಷಯಕ್ಕೆ ಎರಡು ರಾಷ್ಟ್ರೀಯ ಕೇಂದ್ರ ಕೊಟ್ಟಾಗ ಒಂದು ಐಐಟಿ ಬಾಂಬೆಗೆ, ಇನ್ನೊಂದು ಜಕ್ಕೂರಿಗೇ ಬಂತು. ಇದು ನಮ್ಮ ಓದುಗರಿಗೆ ಗೊತ್ತಿರಬೇಕಾದ ವಿಷಯ.

ಪ್ರಶ್ನೆ: ಮಂಗಳ ಗ್ರಹದಲ್ಲಿ ಇದೇ ಥರ ಆಕ್ಸಿಜನ್ ಮಾಡಿದ್ರಂತೆ, ಹೌದಾ?
— ಶಾಲಾ ಶಿಕ್ಷಕರು, ಸಾಗರ

ಉತ್ತರ: ಹೌದು ಮೇಷ್ಟ್ರೇ. ನಾಸಾದ ಪರ್ಸಿವಿಯರೆನ್ಸ್ ರೋವರ್ ಒಳಗೆ ಮಾಕ್ಸಿ ಅನ್ನೋ ಉಪಕರಣ ಇತ್ತು. ಅಲ್ಲಿನ ಗಾಳಿಯಲ್ಲಿ ಹೆಚ್ಚೂಕಮ್ಮಿ ಎಲ್ಲಾ ಸಿಓಟುವೇ, ಅದನ್ನ ಒಳಗೆ ಎಳ್ಕೊಂಡು 800 ಡಿಗ್ರಿ ಬಿಸಿ ಮಾಡಿ ಸೆರಾಮಿಕ್ ಸೆಲ್ಲಲ್ಲಿ ಕರೆಂಟ್ ಕೊಟ್ಟು ಆಕ್ಸಿಜನ್ ತೆಗೆದ್ರು. 2021ರ ಏಪ್ರಿಲಲ್ಲಿ ಮೊದಲ ಸಲ ಐದು ಗ್ರಾಮಿಗಿಂತ ಸ್ವಲ್ಪ ಜಾಸ್ತಿ, 2023ರಲ್ಲಿ ಮುಗಿಸುವಷ್ಟರಲ್ಲಿ 16 ಸಲ ಓಡಿಸಿ ಒಟ್ಟು 122 ಗ್ರಾಂ. ಭೂಮಿಯಲ್ಲಿ ನಮಗೆ ಬೇಕಾಗಿರೋದು ಮೊನಾಕ್ಸೈಡ್, ಅಲ್ಲಿ ಅದನ್ನ ಹೊರಗೆ ಬಿಟ್ಟು ಆಕ್ಸಿಜನ್ ಇಟ್ಕೊಂಡ್ರು. ಸೆಲ್ ಮಾತ್ರ ಮೇಲೆ ಹೇಳಿದ ಟಾಪ್ಸೋದ ಸೆರಾಮಿಕ್ ಸೆಲ್ಲಿನ ಜಾತಿಯದೇ. ಮಕ್ಕಳಿಗೆ ಹೇಳಿ, ಖುಷಿ ಪಡ್ತಾರೆ.

ಪ್ರಶ್ನೆ: ಸರ್ ನಮಸ್ಕಾರ್ರಿ, ನಾ ಒಂದು ಡಿಸ್ಟಿಲರಿಯೊಳಗ ಕೆಮಿಸ್ಟ್ ಅದೀನಿ. ನಮ್ಮ ಫರ್ಮೆಂಟರ್‌ನಿಂದ ಬರೋ ಸಿಓಟು ಸುಮ್ನ ಗಾಳಿಗೆ ಹೋಗ್ತದ. ಇದಕ್ಕ ಈ ರಿಯಾಕ್ಟರ್ ಹಚ್ಚಬಹುದೇನ್ರಿ? ಹಚ್ಚಿದ್ರ ಏನ್ ಮಾಡೋದು ಚಲೋ?
— ಓದುಗರು, ಬೆಳಗಾವಿ ಜಿಲ್ಲೆ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಬಹಳ ಸಂತೋಷ ಕೊಟ್ಟಿದ್ದು ಇದು. ಹೊಗೆಯ ಹಾಗಲ್ಲ ನಿಮ್ಮ ಗ್ಯಾಸ್. ಯೀಸ್ಟ್ ಕೊಡೋ ಸಿಓಟು ಹೆಚ್ಚೂಕಮ್ಮಿ ಶುದ್ಧ, ತೊಳೆದು ತೇವ, ಆಲ್ಕೋಹಾಲ್ ಆವಿ, ಗಂಧಕದ ವಾಸನೆ ತೆಗೆದ್ರೆ ಸಾಕು. ಜೊತೆಗೆ ಆ ಕಾರ್ಬನ್ ಕಬ್ಬು ಗಾಳಿಯಿಂದಲೇ ಎಳ್ಕೊಂಡಿದ್ದು. ಮತ್ತೆ ನಿಮ್ಮಲ್ಲಿ ಕೋಜೆನ್ ಇರುತ್ತೆ, ಬಗಾಸ್, ಅಂದ್ರೆ ಕಬ್ಬಿನ ಸಿಪ್ಪೆ, ಸುಟ್ಟು ಮಾಡಿದ ಕರೆಂಟ್, ಕಲ್ಲಿದ್ದಲಿನ ಲೆಕ್ಕ ಇಲ್ಲಿ ಬರಲ್ಲ. ಆದ್ರೆ ಅದು ನುರಿಸೋ ಹಂಗಾಮಿನಲ್ಲಿ ಮಾತ್ರ ಧಾರಾಳ, ಉಳಿದ ತಿಂಗಳು ಏನು ಮಾಡ್ತೀರಿ ಅಂತ ಮೊದಲೇ ಯೋಚನೆ ಮಾಡಬೇಕು.

ಒಂದು ಲೀಟರ್ ಎಥನಾಲಿಗೆ ಸುಮಾರು 750 ಗ್ರಾಂ ಸಿಓಟು ಬರುತ್ತೆ, ದಿನಕ್ಕೆ ಒಂದು ಲಕ್ಷ ಲೀಟರಿನ ಪ್ಲಾಂಟಾದ್ರೆ 75 ಟನ್. ಪೂರ್ತಿ ಬದಲಾಯಿಸೋ ಆಸೆ ಈಗ ಬೇಡ, ಅದಕ್ಕೆ ಹನ್ನೊಂದು ಮೆಗಾವ್ಯಾಟಿಗೂ ಜಾಸ್ತಿ ನಿರಂತರ ಬೇಕಾಗುತ್ತೆ. ದಿನಕ್ಕೆ ಒಂದು ಟನ್ ಅಂತ ಇಟ್ಕೊಳ್ಳಿ. ಚದರ ಸೆಂಟಿಮೀಟರಿಗೆ 200 ಮಿಲಿಆಂಪಿಯರಿನಲ್ಲಿ ಒಂದು ಚದರ ಮೀಟರ್ ಎಲೆಕ್ಟ್ರೋಡ್ ದಿನಕ್ಕೆ 39 ಕೆಜಿ ಸಿಓಟು ಬದಲಾಯಿಸುತ್ತೆ, ಎರಡು ಎಲೆಕ್ಟ್ರಾನಿನ ಕೆಲಸ ಆದ್ರೆ. ಅಂದ್ರೆ 26 ಚದರ ಮೀಟರ್, ದಿನಕ್ಕೆ 3,700 ಯೂನಿಟ್. ನಷ್ಟ ಸೇರಿಸಿದ್ರೆ ಇನ್ನೂ ಸ್ವಲ್ಪ ಮೇಲೆ.

ಏನು ಮಾಡೋದು ಅಂದ್ರೆ ನಾನು ಫಾರ್ಮಿಕ್ ಆಸಿಡ್ ಅಂತೀನಿ. ಎರಡೇ ಎಲೆಕ್ಟ್ರಾನ್, ಒಂದು ಟನ್ ಸಿಓಟುವಿಂದ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ ಆಸಿಡ್, ತವರ ಅಥವಾ ಬಿಸ್ಮತ್ ಕ್ಯಾಟಲಿಸ್ಟ್, ದ್ರವ ಆದ್ದರಿಂದ ಕ್ಯಾನಲ್ಲಿ ತುಂಬಿ ಕಳಿಸಬಹುದು. ನಮ್ಮಲ್ಲೇ ಗಿರಾಕಿ ಇದ್ದಾರೆ, ಸುಳ್ಯ ಪುತ್ತೂರು ಬೆಳ್ತಂಗಡಿ ಕಡೆ ರಬ್ಬರ್ ಹಾಲು ಹೆಪ್ಪುಗಟ್ಟಿಸೋಕೆ ಬಳಸೋದು ಇದನ್ನೇ, ಚರ್ಮ ಹದ ಮಾಡೋರಿಗೂ ಬೇಕು. ತೊಡಕು ಎಲ್ಲಿ ಅಂದ್ರೆ, ಸಾಮಾನ್ಯ ರಿಯಾಕ್ಟರ್ ಕೊಡೋದು ಪೊಟ್ಯಾಸಿಯಂ ಫಾರ್ಮೇಟ್, ಆಸಿಡ್ ಅಲ್ಲ, ಅದನ್ನ ಆಸಿಡ್ ಮಾಡೋಕೆ ಇನ್ನೊಂದು ಆಸಿಡ್ ಹಾಕಬೇಕು. 2019ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ನಡುವೆ ಘನ ಎಲೆಕ್ಟ್ರೋಲೈಟ್ ಇಟ್ಟು ನೇರವಾಗಿ ಉಪ್ಪಿಲ್ಲದ ಆಸಿಡ್ ತೆಗೆದು ತೋರಿಸಿದ್ದಾರೆ. ಆಮೇಲೆ ಗಟ್ಟಿ ಮಾಡೋದು: ನಿಮಗೆ ಎಥನಾಲ್ ನೀರಿನ ಅಜಿಯೋಟ್ರೋಪ್, ಅಂದ್ರೆ ಬರೀ ಕುದಿಸಿ ಬೇರ್ಪಡಿಸೋಕಾಗದ ಮಿಶ್ರಣ, ಅದರ ಜೊತೆ ಏಗಿ ಅಭ್ಯಾಸ ಇದೆ, ಇಲ್ಲೂ ಒಂದಿದೆ, 107 ಡಿಗ್ರಿಯಲ್ಲಿ, 77 ಪರ್ಸೆಂಟ್ ಆಸಿಡಿನ ಹತ್ತಿರ. ಸ್ಟೀಮ್ ಲೆಕ್ಕ ಹಾಕುವಾಗ ಇದನ್ನ ಮರೀಬೇಡಿ, ಕರೆಂಟಿಗಿಂತ ಇದೇ ಯೋಜನೆ ಮುಳುಗಿಸಬಹುದು.

ಅಲ್ಲೀವರೆಗೆ ಗ್ಯಾಸ್ ಸುಮ್ನೆ ಬಿಡಬೇಡಿ, ಶುದ್ಧ ಮಾಡಿ ಕೂಲ್ ಡ್ರಿಂಕ್ಸಿನವರಿಗೆ, ಡ್ರೈ ಐಸಿನವರಿಗೆ ಕೊಡೋ ಡಿಸ್ಟಿಲರಿಗಳಿವೆ. ಆ ಶುದ್ಧೀಕರಣ ಘಟಕ ನಾಳೆ ರಿಯಾಕ್ಟರ್ ಹಾಕಿದಾಗಲೂ ಬೇಕಾಗೋದೇ.

ಪ್ರಶ್ನೆ: ಮಗಳು ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿದ್ದಾಳೆ, ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡ್ತೀನಿ ಅಂತಿದ್ದಾಳೆ. ನಮಗೆ ಏನೂ ತಿಳಿಯಲ್ಲ, ಮುಂದೆ ಇದಕ್ಕೆ ಬೆಲೆ ಇದೆಯಾ ಸರ್?
— ಗೃಹಿಣಿ, ಮೈಸೂರು

ಉತ್ತರ: ಮಾಡಲಿ ಅಮ್ಮ, ಧೈರ್ಯವಾಗಿ ಕಳಿಸಿ. ಸಿಓಟು ಕೆಲಸ ನಿಧಾನ ಆದ್ರೂ ಅವಳು ಕಲಿಯೋ ಮೆಂಬ್ರೇನ್, ಕ್ಯಾಟಲಿಸ್ಟ್, ಸೆಲ್ ಕಟ್ಟೋ ಕೆಲಸ ಹೈಡ್ರೋಜನ್, ಬ್ಯಾಟರಿ, ಫ್ಯೂಯಲ್ ಸೆಲ್ ಎಲ್ಲಾ ಕಡೆಗೂ ಬೇಕು, ಕೈ ಖಾಲಿ ಕೂರೋ ಪರಿಸ್ಥಿತಿ ಬರಲ್ಲ.

ಮಗಳಿಗೆ ನನ್ನ ಕಡೆಯಿಂದ ಇಷ್ಟು ಹೇಳಿ. ಗೈಡ್ ಆರಿಸ್ಕೊಳ್ಳುವಾಗ ಎಷ್ಟು ಪೇಪರ್ ಅಂತ ಮಾತ್ರ ನೋಡಬೇಡ, ಅವರ ಲ್ಯಾಬಲ್ಲಿ ಒಂದು ಸೆಲ್ ಎಷ್ಟು ಗಂಟೆ ನಿಲ್ಲದೇ ಓಡಿದೆ ಅಂತ ಕೇಳು. ಈ ಕ್ಷೇತ್ರದಲ್ಲಿ ಸಣ್ಣ ಪ್ರಮಾಣದ ಪದಾರ್ಥ ಅಳೆಯುವಾಗ ಮೋಸ ಹೋಗೋದು ಸುಲಭ, ಕಾರ್ಬನ್ ಪೇಪರಿಂದ, ಮೆಂಬ್ರೇನಿಂದ, ದ್ರಾವಕದಿಂದಲೂ ಕಾರ್ಬನ್ ಬಂದು ಸಿಓಟುವಿಂದ ಬಂದ ಹಾಗೆ ಕಾಣುತ್ತೆ. ಅದಕ್ಕೆ ಕಾರ್ಬನ್ 13 ಐಸೊಟೋಪ್ ಇರೋ ಸಿಓಟು ಹಾಕಿ, ಬಂದ ಪದಾರ್ಥದಲ್ಲೂ ಅದೇ ಕಾರ್ಬನ್ ಇದೆಯಾ ಅಂತ ನೋಡ್ತಾರೆ, ಸಿಓಟು ಬದಲು ಕಾರ್ಬನ್ ಇಲ್ಲದ ಆರ್ಗಾನ್ ಗ್ಯಾಸ್ ಬಿಟ್ಟೂ ಒಂದು ಸಲ ಓಡಿಸ್ತಾರೆ. ಈ ಎರಡು ಪರೀಕ್ಷೆ ತಪ್ಪದೇ ಮಾಡೋ ಲ್ಯಾಬ್ ಸಿಕ್ಕಿದ್ರೆ, ಸ್ಟೈಪೆಂಡ್ ಎಲ್ಲಾ ಕಡೆ ಹೆಚ್ಚೂಕಮ್ಮಿ ಒಂದೇ ಇರುತ್ತೆ, ಅಲ್ಲೇ ಸೇರ್ಕೊಳ್ಳಲಿ.